ಲಾಂಚು ಹತ್ತದವರ ಲೆಕ್ಕ

ಅವತ್ತೂ ಅಷ್ಟೆ, ಏಳೂವರೆಯ ಲಾಂಚು ಎಂಟಾದರೂ ಹೊರಟಿರಲಿಲ್ಲ.

ಕಟ್ಟೆಯ ಮೇಲೆ ಎಂಬತ್ತು ಜನ ನಿಂತಿದ್ದರು. ಆಚೆ ದಡದ ಶಾಲೆಗೆ ಹೋಗಬೇಕಾದ ಮೇಷ್ಟ್ರು ಗಳಿಗೆಗೊಮ್ಮೆ ಕೈಗಡಿಯಾರ ನೋಡುತ್ತಿದ್ದರು. ಆಸ್ಪತ್ರೆಯ ನರ್ಸು ಫೋನಿನಲ್ಲಿ "ಹೊರಟೆ, ಹೊರಟೆ" ಅನ್ನುತ್ತ ನಿಂತಲ್ಲೇ ನಿಂತಿದ್ದಳು. ಲಾಂಚಿನ ಹೊಟ್ಟೆಯೊಳಗಿಂದ ಸ್ಪ್ಯಾನರಿನ ಟಣ್ ಟಣ್ ಸದ್ದು ಬರುತ್ತಿತ್ತು.

"ಅಜ್ಜಿಗೆ ಇವತ್ತೂ ಕೆಮ್ಮು" ಎಂದ ಹಾಲಿನವನು. ಯಾರೂ ನಗಲಿಲ್ಲ. ದಿನಾ ಕೇಳಿ ಕೇಳಿ ಆ ಮಾತು ಹಳಸಿತ್ತು.

ಲಾಂಚಿಗೆ ಮೂವತ್ತಾರು ವರ್ಷ. ಊರಿನವರು ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಹೊಳೆ ಅಲ್ಲಿ ಒಂದೂವರೆ ಮೈಲಿ ಅಗಲ, ಸಮುದ್ರದ ಭರತ ಇಳಿತಕ್ಕೆ ತಕ್ಕಂತೆ ನೀರು ದಿನಾ ಏರಿ ಇಳಿಯುತ್ತಿತ್ತು. ಸೇತುವೆ ಇಲ್ಲ. ರಸ್ತೆಯಲ್ಲಿ ಸುತ್ತಿ ಹೋದರೆ ಅರ್ಧ ದಿನ ಬೇಕು. ಆಸ್ಪತ್ರೆ, ಸಂತೆ, ದೊಡ್ಡ ಶಾಲೆ, ಎಲ್ಲವೂ ಆಚೆ ದಡದಲ್ಲಿ. ಬರೀ ಟಿಕೆಟ್ಟಿನ ದುಡ್ಡಿನಲ್ಲಿ ಯಾರೂ ಆ ಲಾಂಚು ಓಡಿಸಲಾರರು. ಅದಕ್ಕೇ ಖರ್ಚಿನ ಹೆಚ್ಚು ಪಾಲು ಸರ್ಕಾರ ಕೊಡುತ್ತಿತ್ತು.

ಎಂಟೂ ಹತ್ತಕ್ಕೆ ಎಂಜಿನ್ ಗುಡುಗಿತು. ಕರಿ ಹೊಗೆ ಮೇಲೆದ್ದಿತು. ಅದರ ಹಿಂದೆಯೇ ಎಂಜಿನ್ ಮೇಸ್ತ್ರಿ ಮೇಲೆ ಬಂದ. ಮೂಗಿನ ತುದಿಯವರೆಗೂ ಎಣ್ಣೆ.

"ಮೇಸ್ತ್ರಿ ಕೈಲಿ ಏನೋ ಮಂತ್ರ ಇದೆ ಕಣ್ರೀ!" ಎಂದು ಕಟ್ಟೆಯ ಟೀ ಅಂಗಡಿಯವನು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಕೈ ಒರೆಸಿಕೊಂಡು ಮತ್ತೆ ಕೆಳಗಿಳಿದ. ಇಪ್ಪತ್ತೆಂಟು ವರ್ಷದಿಂದ ಅವನ ಜಾಗ ಅದೇ, ಕೆಳಗೆ, ಎಂಜಿನ್ನಿನ ಪಕ್ಕ.

ಅವತ್ತೇ ಮಧ್ಯಾಹ್ನ ಟಿಕೆಟ್ ಕಿಟಕಿಯ ಪಕ್ಕ ಒಂದು ನೋಟಿಸು ಬಿತ್ತು. ಹಳೆಯ ಲಾಂಚು ಬದಲಿಸುವ ಯೋಚನೆ ಇದೆ, ಹೊಸದು ಹೇಗಿರಬೇಕು ಎಂದು ಜನರ ಅಭಿಪ್ರಾಯ ಬೇಕು, ಟಿಕೆಟ್ ಕಿಟಕಿಯಲ್ಲಿ ಫಾರಂ ಸಿಗುತ್ತದೆ, ಮುಂದಿನ ತಿಂಗಳ ಮೊದಲ ಭಾನುವಾರ ಈಚೆ ದಡದ ಶಾಲೆಯ ಸಭಾಂಗಣದಲ್ಲಿ ಸಭೆ.

ಮೇಸ್ತ್ರಿ ನೋಟಿಸನ್ನು ಎರಡು ಸಲ ಓದಿದ. ಮನೆಗೆ ನಡೆದ.

ಮನೆ ಕಟ್ಟೆಯ ಹಿಂದಿನ ಓಣಿಯಲ್ಲಿ. ಎರಡೇ ಕೋಣೆ. ಮುಂದಿನ ಕೋಣೆಯ ಕಿಟಕಿಯ ಬುಡದಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ಅವನ ಹೆಂಡತಿ. ಊರಿಗೆಲ್ಲ ಅವಳು ಟೈಲರಮ್ಮ. ಹತ್ತು ವರ್ಷದ ಹಿಂದೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಮೂಳೆ ಕೂಡಿತು, ಆದರೆ ಎಡಗಾಲು ಮಡಚುವುದಿಲ್ಲ. ಯಂತ್ರವನ್ನು ಬಲಗಾಲಿನಲ್ಲೇ ತುಳಿಯುತ್ತಾಳೆ, ಊರುಗೋಲು ಗೋಡೆಗೆ ಒರಗಿರುತ್ತದೆ.

ಮೇಸ್ತ್ರಿ ಬಂದಾಗ ಅಲ್ಲಿ ಟಿಕೆಟ್ ಕಿಟಕಿಯ ಹುಡುಗಿ ಕೂತಿದ್ದಳು. ಹುಡುಗಿ ಅಂದರೆ ಎರಡು ಮಕ್ಕಳ ತಾಯಿಯೇ, ಆದರೂ ಊರಿಗೆಲ್ಲ ಅವಳು ಟಿಕೆಟ್ ತಂಗಿ. ಸಮವಸ್ತ್ರದ ತೋಳು ಬಿಗಿಯಾಗಿದೆ ಎಂದು ಬಿಚ್ಚಿಸಲು ಬಂದಿದ್ದಳು. ಮಡಿಲಿನಲ್ಲಿ ಫಾರಂಗಳ ಕಟ್ಟು.

"ಬಂದ್ರಾ ಅಣ್ಣ? ತಗೊಳ್ಳಿ, ನಿಮ್ಮದೇ ಮೊದಲನೇದು" ಎಂದು ಒಂದು ಹಾಳೆ ಚಾಚಿದಳು.

"ನನಗೆ ಬೇಡಮ್ಮ."

"ಯಾಕೆ?"

"ನಾನು ಕಂಡಿಲ್ವಾ ಇದನ್ನೆಲ್ಲ? ಹಳೇದನ್ನ ತಗೊಂಡು ಹೋಗ್ತಾರೆ, ಹೊಸದು ಬರೋದಿಲ್ಲ. ಬಂದ್ರೂ ಟಿಕೆಟ್ ಏರಿಸ್ತಾರೆ. ಆಮೇಲೆ ಜನ ಬರ್ತಿಲ್ಲ ಅಂತ ಟ್ರಿಪ್ ಕಮ್ಮಿ ಮಾಡ್ತಾರೆ. ಇದ್ದದ್ದೂ ಹೋಯ್ತು, ಬರಬೇಕಾದ್ದೂ ಬರ್ಲಿಲ್ಲ."

"ಹೊಸದು ಬಂದು ನಿಲ್ಲೋ ತನಕ ಹಳೇದನ್ನ ತೆಗೆಯೋ ಹಾಗಿಲ್ಲ ಅಣ್ಣ. ತೆಗೆದ್ರೆ ಬದಲಿ ಲಾಂಚು ಕೊಡಲೇಬೇಕು. ಇಲ್ಲೇ ಬರೆದಿದೆ ನೋಡಿ. ಟಿಕೆಟ್ ದರಾನೂ ಅಷ್ಟೆ, ಲಾಂಚು ಹೊಸದಾಯ್ತು ಅಂತ ಏರಿಸೋಕಾಗಲ್ಲ."

"ಬರೆದದ್ದೆಲ್ಲ ನಡೆಯತ್ತಾ?"

"ಬರೆಯದೇ ಇದ್ದದ್ದು ನಡೆಯತ್ತಾ?" ಎಂದಳು ಟಿಕೆಟ್ ತಂಗಿ.

ಟೈಲರಮ್ಮ ಯಂತ್ರ ನಿಲ್ಲಿಸಿ ನಕ್ಕಳು. "ಅವರ ಹತ್ರ ವಾದ ಮಾಡಬೇಡಮ್ಮ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು."

"ಸರಿ, ನಿಮ್ಮದು ಬರೀತೀನಿ ಅಕ್ಕ" ಎಂದು ಟಿಕೆಟ್ ತಂಗಿ ಪೆನ್ನು ತೆಗೆದಳು.

"ನಂದಾ? ನಾನೇನು ಲಾಂಚು ಹತ್ತೋಳಾ? ಹತ್ತೋರನ್ನ ಕೇಳು."

"ಹತ್ತೋರ ಲೆಕ್ಕ ನನ್ನ ಹತ್ರ ಇದ್ದೇ ಇದೆ ಅಕ್ಕ, ದಿನಾ ಟಿಕೆಟ್ ಹರೀತೀನಿ. ಹತ್ತದೇ ಇರೋರ ಲೆಕ್ಕ ಯಾರ ಹತ್ರ ಇದೆ? ಮೊದಲನೇ ಪ್ರಶ್ನೆ, ವಾರಕ್ಕೆ ಎಷ್ಟು ಸಲ ಆಚೆ ದಡಕ್ಕೆ ಹೋಗ್ತೀರಿ?"

"ಒಂದ್ಸಲಾನೂ ಇಲ್ಲ."

"ತಿಂಗಳಿಗೆ?"

"ಇಲ್ಲಮ್ಮ. ಒಂಬತ್ತು ವರ್ಷ ಆಯ್ತು."

"ಹೋಗದೇ ಇರೋದಕ್ಕೆ ಕಾರಣ?"

ಟೈಲರಮ್ಮ ಸಮವಸ್ತ್ರದ ತೋಳಿನ ದಾರ ಕೀಳುತ್ತ ಕೂತಳು. ಮೇಸ್ತ್ರಿಯೇ ಹೇಳಿದ, "ಬರಿ, ನೀರು ಕಂಡ್ರೆ ತಲೆ ಸುತ್ತುತ್ತೆ. ಅವಳ ಅಕ್ಕನ ಮನೆ ಆಚೆ ದಡದಲ್ಲೇ ಇದೆ, ಕಟ್ಟೆ ಮೇಲೆ ನಿಂತ್ರೆ ಮಾಡಿನ ಹಂಚು ಕಾಣತ್ತೆ. ಆದ್ರೂ ಹೋಗಲ್ಲ."

"ತಲೆ ಸುತ್ತೋದಿಲ್ಲ" ಎಂದಳು ಟೈಲರಮ್ಮ.

"ಮತ್ತೆ?"

ಅವಳು ದಾರ ಕೀಳುವುದನ್ನು ನಿಲ್ಲಿಸಲಿಲ್ಲ. ಗಂಡನ ಮುಖ ನೋಡದೆ, ಕೆಲಸದ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು.

"ಸೊಂಟ ಮುರಿದ ಮರುವರ್ಷ ಅಕ್ಕನ ಮನೆಗೆ ಹೊರಟಿದ್ದೆ. ನೀರು ಇಳಿದಿತ್ತು. ಕಟ್ಟೆಯಿಂದ ಲಾಂಚಿಗೆ ಹಾಕೋ ಹಲಗೆ ಕಡಿದಾಗಿತ್ತು, ಕೊನೆಗೆ ಲಾಂಚಿನೊಳಕ್ಕೆ ಎರಡಡಿ ಇಳಿಯಬೇಕು. ನನ್ನ ಕೈಲಿ ಆಗ್ಲಿಲ್ಲ. ಲಾಂಚಿನ ಹಗ್ಗ ಕಟ್ಟೋ ಇಬ್ಬರು ಬಂದು, ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಕಾಲು ಹಿಡಿದ. ಎತ್ತಿ ಒಳಗೆ ಇಟ್ರು. ಸೀರೆ ಮೊಣಕಾಲಿನ ಮೇಲಕ್ಕೆ ಹೋಗಿತ್ತು. ಲಾಂಚು ತುಂಬ ಜನ. 'ಮೂಟೆ ಬಂತು, ಜಾಗ ಬಿಡಿ' ಅಂದ ಯಾರೋ. ಎಲ್ಲರೂ ನಕ್ಕರು. ಅವನಿಗೆ ಕೆಟ್ಟ ಮನಸ್ಸೇನಿರ್ಲಿಲ್ಲ, ತಮಾಷೆಗೆ ಅಂದ. ಬರುವಾಗಲೂ ಹಾಗೇ ಎತ್ತಿ ಇಳಿಸಿದ್ರು. ಅವತ್ತೇ ಕೊನೆ."

ಮೇಸ್ತ್ರಿ ಅವಳ ಕಡೆ ತಿರುಗಿದ. "ನಾನು ಎಲ್ಲಿದ್ದೆ?"

"ನೀವು ಕೆಳಗಿದ್ರಿ. ಎಂಜಿನ್ ಹತ್ರ."

"ನನಗ್ಯಾಕೆ ಹೇಳ್ಲಿಲ್ಲ?"

"ಲಾಂಚು ಅಂದ್ರೆ ನಿಮಗೆ ಜೀವ. ಅದನ್ನ ಬಯ್ಯೋಕೆ ನನಗೆ ಮನಸ್ಸಾಗ್ಲಿಲ್ಲ. ತಲೆ ಸುತ್ತುತ್ತೆ ಅಂದೆ, ನೀವೂ ನಂಬಿದ್ರಿ. ಅಕ್ಕನೇ ಬರ್ತಿದ್ಲಲ್ಲ, ನಡೀತಿತ್ತು. ಈಗ ಅವಳ ಮಂಡಿನೂ ಹೋಗಿದೆ. ಎರಡು ವರ್ಷ ಆಯ್ತು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ."

ಟಿಕೆಟ್ ತಂಗಿ ಬರೆಯುವುದನ್ನು ಬಿಟ್ಟು ಕೂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, "ಇದನ್ನೇ ಬರೀಲಾ ಅಕ್ಕ?"

"ಮೂಟೆ ಅನ್ನೋದು ಬೇಡ" ಎಂದಳು ಟೈಲರಮ್ಮ. ಇನ್ನೊಂದು ದಾರ ಕಿತ್ತು, "ಇರ್ಲಿ, ಅದನ್ನೂ ಬರಿ" ಎಂದಳು.

ಮಾರನೆಯ ದಿನ ಎರಡು ಗಂಟೆಯ ಟ್ರಿಪ್ಪಿನ ಹೊತ್ತಿಗೆ ನೀರು ಪೂರಾ ಇಳಿದಿತ್ತು. ಜನ ಹತ್ತುವ ಮುಂಚೆ ಮೇಸ್ತ್ರಿ ಟೇಪು ಹಿಡಿದು ಮೇಲೆ ಬಂದ. ಹಲಗೆಯ ಅಗಲ ಒಂದೂವರೆ ಅಡಿ. ಹಿಡಿದುಕೊಳ್ಳಲು ಒಂದೇ ಕಡೆ ಹಗ್ಗ. ಕೊನೆಯಲ್ಲಿ ಇಳಿಯಬೇಕಾದದ್ದು ಎರಡಡಿ ಮೂರಂಗುಲ. ಎಂಜಿನ್ನಿನ ಒಂದೊಂದು ಬೋಲ್ಟಿನ ಅಳತೆಯೂ ಅವನಿಗೆ ಬಾಯಿಪಾಠ. ಈ ಅಳತೆಯನ್ನು ಅವನು ತೆಗೆದದ್ದು ಅವತ್ತೇ ಮೊದಲು.

ಟೇಪು ಜೇಬಿಗೆ ಹಾಕಿ, ಕಟ್ಟೆಯ ಮೇಲೆ ಬಿದ್ದಿದ್ದ ಒಂದು ಕೋಲು ತೆಗೆದುಕೊಂಡ. ಎಡಗಾಲನ್ನು ಸೆಟೆಸಿ, ಮಂಡಿ ಮಡಚದೆ, ಹಲಗೆಯ ಮೇಲೆ ಹೆಜ್ಜೆ ಇಟ್ಟ. ಎರಡನೆಯ ಹೆಜ್ಜೆಗೆ ಹಲಗೆ ಕುಲುಕಿತು. ಮೂರನೆಯದಕ್ಕೆ ಕೋಲು ಜಾರಿತು. ಎರಡೂ ಕೈಯಲ್ಲಿ ಹಗ್ಗ ತಬ್ಬಿಕೊಂಡು ನಿಂತ. ಕೆಳಗೆ ಕಂದು ನೀರು ಕಟ್ಟೆಯ ಕಂಬಕ್ಕೆ ಬಡಿಯುತ್ತಿತ್ತು.

ಹಗ್ಗ ಕಟ್ಟುವವನು ಓಡಿ ಬಂದ. "ಏನ್ ಮೇಸ್ತ್ರಿ, ಮಧ್ಯಾಹ್ನಾನೇ ಏರಿಸಿದೀರಾ?"

"ಇಲ್ಲಪ್ಪ" ಎಂದ ಮೇಸ್ತ್ರಿ. "ಇಪ್ಪತ್ತೆಂಟು ವರ್ಷದ್ದು ಈಗ ಇಳೀತಾ ಇದೆ."

ಆ ವಾರ ಪೂರ್ತಿ, ಜನ ಹತ್ತುವ ಹೊತ್ತಿಗೆ ಎಂಜಿನ್ ಚಾಲೂ ಮಾಡುವ ಕೆಲಸವನ್ನು ಅವನು ಸಹಾಯಕನಿಗೆ ಬಿಟ್ಟ. ತಾನು ಕಟ್ಟೆಯ ಮೇಲೆ ನಿಂತ. ನಿಂತು ನೋಡಿದಾಗ ಕಂಡದ್ದು ಅವನಿಗೆ ಹೊಸದು. ತುಂಬು ಬಸುರಿಯೊಬ್ಬಳು ಹಲಗೆಯ ತನಕ ಬಂದು, ನೋಡಿ, ಹಿಂದಿರುಗಿದಳು. ಒಬ್ಬ ಮುದುಕ ದಿನಾ ಬಂದು ತನ್ನ ಔಷಧದ ಚೀಟಿಯನ್ನು ನರ್ಸಿನ ಕೈಗೆ ಕೊಟ್ಟು ಹೋಗುತ್ತಿದ್ದ. ಡಾಕ್ಟರು ಅವನ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ನಡೆಯಲಾರದ ಮಗಳನ್ನು ಒಬ್ಬ ತಾಯಿ ಸೊಂಟದ ಮೇಲೆ ಹೊತ್ತುಕೊಂಡು ಹಲಗೆ ದಾಟಿದಳು. ಮಗಳಿಗೆ ಹನ್ನೊಂದು ವರ್ಷ.

"ಇನ್ನೆಷ್ಟು ದಿನ ಹೀಗೆ ಎತ್ತುತ್ತೀಯಮ್ಮ?" ಎಂದು ಕೇಳಿದ ಮೇಸ್ತ್ರಿ.

"ನನ್ನ ಬೆನ್ನು ಇರೋ ತನಕ ಅಣ್ಣ" ಎಂದಳು ಆಕೆ.

ಶನಿವಾರ ಅವನು ಟಿಕೆಟ್ ಕಿಟಕಿಗೆ ಹೋದ. "ಆ ಫಾರಂ ಇನ್ನೂ ಎಷ್ಟಿವೆ?"

"ಮೂವತ್ತು ಇರಬಹುದು."

"ಕೊಡು."

"ನಿಮಗೆ ಒಂದೂ ಬೇಡ ಅಂದಿದ್ರಿ?"

"ಕೊಡಮ್ಮ, ಕಾಲೆಳೀಬೇಡ."

ಸಂಜೆ ಕೊನೆಯ ಟ್ರಿಪ್ಪು ಮುಗಿದ ಮೇಲೆ ಇಬ್ಬರೂ ಮನೆಮನೆಗೆ ಹೋದರು. ಲಾಂಚು ಹತ್ತದವರ ಮನೆಗಳಿಗೆ. ಹತ್ತು ದಿನದಲ್ಲಿ, ಟೈಲರಮ್ಮನದೂ ಸೇರಿ, ಇಪ್ಪತ್ತಾರು ಫಾರಂ ತುಂಬಿದವು. ಅಷ್ಟು ಚಿಕ್ಕ ಊರಿನಲ್ಲಿ ಇಪ್ಪತ್ತಾರು ಜನ.

ಆದರೆ ಮೇಸ್ತ್ರಿಯ ಹೊಟ್ಟೆಯೊಳಗೆ ಇನ್ನೊಂದು ಮಾತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಸಭೆಯ ದಿನ ಬೆಳಿಗ್ಗೆ ಟೈಲರಮ್ಮ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

"ನೀವು ಎದ್ದು ನಿಂತ್ರೆ, ಲಾಂಚು ಗಟ್ಟಿ ಇದೆ ಅಂತೀರಿ ಅಂತ ಎಲ್ಲರೂ ಕಾಯ್ತಾ ಇರ್ತಾರೆ" ಎಂದಳು.

"ಗೊತ್ತು."

"ಏನು ಹೇಳ್ತೀರಿ?"

"ಗೊತ್ತಿಲ್ಲ ಕಣೆ" ಎಂದ.

ಶಾಲೆಯ ಸಭಾಂಗಣ ತುಂಬಿತ್ತು. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮಂಡಿ ಮಡಚಿ ಕೂತಿದ್ದರು. ಸಾರಿಗೆ ಇಲಾಖೆಯ ಅಧಿಕಾರಿ ಒಬ್ಬ ಹೆಂಗಸು, ಮೆದು ಮಾತಿನವಳು. ಗೋಡೆಗೆ ಎರಡು ನಕ್ಷೆ ಅಂಟಿಸಿದ್ದಳು.

ಮೊದಲು ಎದ್ದವನು ಟೀ ಅಂಗಡಿಯವನು. "ಮೇಡಂ, ಕೂಸು ಹುಟ್ಟೋ ಮುಂಚೆ ಕುಲಾವಿ ಯಾಕೆ? ಹೊಸದು ಯಾವ ಕಾಲಕ್ಕೋ. ಇರೋ ಲಾಂಚಿಗೇ ಬಣ್ಣ ಹೊಡೆದು, ನಾಲ್ಕು ಸೀಟು ಹಾಕ್ಸಿ ಕೊಡಿ, ಸಾಕು. ನಮ್ಮ ಅಜ್ಜಿ ಇನ್ನೂ ಹತ್ತು ವರ್ಷ ಓಡ್ತಾಳೆ. ಬೇಕಾದ್ರೆ ಮೇಸ್ತ್ರಿನ ಕೇಳಿ. ಏನ್ ಮೇಸ್ತ್ರಿ, ಎಂಜಿನ್ ಗಟ್ಟಿ ಇದೆ ತಾನೆ?"

ಎಲ್ಲರೂ ತಿರುಗಿ ನೋಡಿದರು. ಮೇಸ್ತ್ರಿ ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

"ಎಂಜಿನ್ ಚಾಲೂ ಆಗತ್ತೆ" ಎಂದ. "ಅದಕ್ಕೆ ಬೇಕಾದ ಸಾಮಾನು ಈಗ ಎಲ್ಲೂ ಮಾಡಲ್ಲ. ಹಳೇ ಲಾರಿದು, ನೀರೆತ್ತೋ ಪಂಪಿಂದು, ಏನೇನೋ ಕೊಯ್ದು ಹೊಂದಿಸಿದೀನಿ. ಅದು ನನ್ನ ಕೆಲಸ, ಮಾಡಿದೀನಿ. ಆದ್ರೆ ತಳ ನನ್ನ ಕೈ ಮೀರಿ ಹೋಗಿದೆ."

ಕೂತವರು ಅವನ ಕಡೆ ಬಾಗಿದರು.

"ಮುಂದಿನಿಂದ ನಾಲ್ಕನೇ ತಗಡು ಸವೆದು ಹೋಗಿದೆ. ತೇಪೆ ಮೇಲೆ ತೇಪೆ ಹಾಕಿದೀವಿ. ಮುಂಚೆ ಒಳಗೆ ಸೇರಿದ ನೀರನ್ನ ಬೆಳಿಗ್ಗೆ ಹತ್ತು ನಿಮಿಷ ಪಂಪ್ ಮಾಡಿದ್ರೆ ಆಗ್ತಿತ್ತು. ಈಗ ಟ್ರಿಪ್ಪು ಪೂರ್ತಿ ಪಂಪ್ ಓಡ್ತಾನೇ ಇರತ್ತೆ. ನೀವು ಮೇಲೆ ಕೂತಿರ್ತೀರಿ, ನಿಮಗೆ ಕೇಳಿಸಲ್ಲ, ಎಂಜಿನ್ ಸದ್ದು ಜೋರು. ರಿಜಿಸ್ಟರಲ್ಲಿ ಬರೆದಿದೀನಿ. ಆದ್ರೆ ಬಾಯಿಬಿಟ್ಟು ಯಾರಿಗೂ ಹೇಳ್ಲಿಲ್ಲ. ನೀವು ಚಪ್ಪಾಳೆ ತಟ್ತಿದ್ರಿ. ಚಪ್ಪಾಳೆ ತಟ್ಟೋರಿಗೆ ಹೇಗೆ ಹೇಳೋದು?"

ಅಂಗಿಯ ತುದಿಯನ್ನು ಬೆರಳಿನಿಂದ ಬಿಟ್ಟ. "ಪಂಪ್ ನಿಂತ ದಿನ ನನ್ನ ಕೈಲಿ ಏನೂ ಆಗಲ್ಲ" ಎಂದು ಹೇಳಿ ಕೂತ.

ಟೀ ಅಂಗಡಿಯವನು ಕೂತಲ್ಲೇ ಮೈ ಹಿಡಿಮಾಡಿಕೊಂಡ. ಅವನ ಮಗಳು ದಿನಾ ಅದೇ ಲಾಂಚಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಳು.

ಅಧಿಕಾರಿ ಗೋಡೆಯ ಕಡೆ ತಿರುಗಿದಳು. "ತಳದ ವಿಷಯ ಇವತ್ತೇ ವರದಿ ಮಾಡ್ತೀನಿ. ಪರೀಕ್ಷೆ ಆಗೋ ತನಕ ಅರ್ಧ ಜನರನ್ನ ಮಾತ್ರ ಹತ್ತಿಸ್ಬೇಕು, ಎಲ್ಲರೂ ಜೀವರಕ್ಷಕ ಜಾಕೆಟ್ ಹಾಕಿಕೊಳ್ಳಲೇಬೇಕು. ಇನ್ನು ಹೊಸ ಲಾಂಚು. ನಕ್ಷೆ ಎರಡಿವೆ. ಒಂದು ಈಗಿನ ಹಾಗೇ, ಹಲಗೆ ಹಾಕಿ ಹತ್ತೋದು. ಇನ್ನೊಂದಕ್ಕೆ ತೇಲೋ ಕಟ್ಟೆ ಇರತ್ತೆ. ನೀರು ಏರಿದ್ರೆ ಕಟ್ಟೆನೂ ಏರತ್ತೆ, ಇಳಿದ್ರೆ ಇಳಿಯತ್ತೆ. ಗಾಲಿ ಕುರ್ಚಿನೂ ನೇರ ಒಳಗೆ ಹೋಗಬಹುದು. ಆದ್ರೆ ಅದಕ್ಕೆ ಖರ್ಚು ಹೆಚ್ಚು. ಟಿಕೆಟ್ ಲೆಕ್ಕದ ಪ್ರಕಾರ ಈ ದಾರಿಯಲ್ಲಿ ಅಂಥ ಪ್ರಯಾಣಿಕರು ಸೊನ್ನೆ. ಹಾಗಾಗಿ ಮೊದಲನೇದನ್ನೇ ಮುಂದಕ್ಕೆ ಕಳಿಸೋ ಯೋಚನೆ ಇದೆ."

ಹಿಂದಿನ ಸಾಲಿನಲ್ಲಿ ಊರುಗೋಲಿನ ಸದ್ದಾಯಿತು. ಟೈಲರಮ್ಮ ಬೆಂಚು ಹಿಡಿದು ಎದ್ದು ನಿಂತಿದ್ದಳು. ಸಭೆಯಲ್ಲಿ ಅವಳು ಯಾವತ್ತೂ ಮಾತಾಡಿದವಳಲ್ಲ.

"ಆ ಸೊನ್ನೆ ನಾನೇ ಮೇಡಂ" ಎಂದಳು.

ಅಷ್ಟೇ ಹೇಳಿ ನಿಂತಳು. ಅಷ್ಟರಲ್ಲಿ ಹನ್ನೊಂದು ವರ್ಷದ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ತಾಯಿ ಕೈ ಎತ್ತಿದಳು. ಔಷಧದ ಚೀಟಿಯ ಮುದುಕ ಎತ್ತಿದ. ಟಿಕೆಟ್ ತಂಗಿ ಫಾರಂಗಳ ಕಟ್ಟನ್ನು ಮುಂದೆ ತಂದು ಮೇಜಿನ ಮೇಲಿಟ್ಟಳು.

"ಇವರು ಯಾರೂ ಟಿಕೆಟ್ ತಗೊಳ್ಳೋದಿಲ್ಲ ಮೇಡಂ. ತಗೊಳ್ಳೋಕೆ ಲಾಂಚು ಬಿಡಲ್ಲ."

ಅಧಿಕಾರಿ ಕೂತು ಒಂದೊಂದೇ ಫಾರಂ ಓದಿದಳು. ಒಂದು ಹಾಳೆ ಓದುವಾಗ ತಲೆ ಎತ್ತಿ ಟೈಲರಮ್ಮನ ಕಡೆ ನೋಡಿದಳು, ಮತ್ತೆ ತಲೆ ತಗ್ಗಿಸಿದಳು. "ನಾನು ಮಾತು ಕೊಡೋಕೆ ಆಗಲ್ಲ" ಎಂದಳು ಕೊನೆಗೆ. "ಆದ್ರೆ ಈ ಇಪ್ಪತ್ತಾರು ಹಾಳೆ ಇಟ್ಕೊಂಡು ಎರಡನೇ ನಕ್ಷೆಗೆ ನಾನು ವಾದ ಮಾಡಬಲ್ಲೆ. ಬರಿಗೈಯಲ್ಲಿ ಆಗ್ತಿರ್ಲಿಲ್ಲ."

ಹೊಸ ಲಾಂಚು ಮರುದಿನವೇ ಬರಲಿಲ್ಲ. ಪರೀಕ್ಷೆ ಮಾಡಿದವರು ಹಳೆಯ ಲಾಂಚನ್ನು ಆ ತಿಂಗಳೇ ನಿಲ್ಲಿಸಿದರು. ಬದಲಿಗೆ ಬಂದ ಚಿಕ್ಕ ಲಾಂಚಿನಲ್ಲಿ ನೂಕುನುಗ್ಗಲು. ಜನ ಗೊಣಗಿದರು, ಮೇಸ್ತ್ರಿಗೂ ಬೈದರು. "ನೀವು ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು" ಎಂದವರೂ ಉಂಟು. ಎರಡನೆಯ ನಕ್ಷೆಗೆ ಒಪ್ಪಿಗೆ ಸಿಗಲು ಎಂಟು ತಿಂಗಳು ಬೇಕಾಯಿತು, ಲಾಂಚು ಬರಲು ಇನ್ನೂ ಒಂದೂವರೆ ವರ್ಷ. ನಡುವೆ ಮೇಸ್ತ್ರಿಯನ್ನು ಮೂರು ವಾರದ ತರಬೇತಿಗೆ ಕಳಿಸಿದರು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನೋಟ್‌ಬುಕ್ ಹಿಡಿದು ಕೂತ. "ಎಂಜಿನ್ನಿಗೆ ಏನಾಗಿದೆ ಅಂತ ಒಂದು ಪರದೆ ಹೇಳತ್ತಂತೆ. ನನಗೆ ಕಿವಿ ಯಾಕೆ ಕೊಟ್ಟಿದಾನೆ ದೇವರು?" ಎಂದು ಫೋನಿನಲ್ಲಿ ಹೆಂಡತಿಗೆ ಹೇಳಿದ. ಕಲಿತು ಬಂದ.

ಹಳೆಯ ಲಾಂಚನ್ನು ಎಳೆದುಕೊಂಡು ಹೋದ ದಿನ ಅವನು ಕಟ್ಟೆಗೆ ಬರಲಿಲ್ಲ. ಮನೆಯಲ್ಲಿ ಕೂತು ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ.

ಹೊಸ ಲಾಂಚಿನ ಎರಡನೆಯ ದಿನ ಟೈಲರಮ್ಮ ಟಿಕೆಟ್ ಕಿಟಕಿಯ ಮುಂದೆ ನಿಂತಳು. "ಒಂದು ಕೊಡಮ್ಮ" ಎಂದಳು. ಟಿಕೆಟ್ ತಂಗಿ ಹರಿದು ಕೊಟ್ಟಳು. ತೇಲುವ ಕಟ್ಟೆಯ ಮೇಲೆ ಊರುಗೋಲು ಊರಿ ನಿಧಾನವಾಗಿ ನಡೆದಳು. ಮೆಟ್ಟಿಲಿಲ್ಲ, ಹಲಗೆ ಇಲ್ಲ. ಲಾಂಚು ಎಲ್ಲಿ ಶುರುವಾಯಿತು ಎಂಬುದು ಅವಳಿಗೆ ತಿಳಿಯಲೇ ಇಲ್ಲ. ಯಾರೂ ಅವಳನ್ನು ಮುಟ್ಟಲಿಲ್ಲ, ಯಾರೂ ನೋಡಲೂ ಇಲ್ಲ. ಜನ ತಮ್ಮ ತಮ್ಮ ಫೋನು ನೋಡುತ್ತ ಕೂತಿದ್ದರು. ಯಾರ ಗಮನಕ್ಕೂ ಬಾರದೆ ಹೋಗಿ ಕೂರುವುದು ಎಷ್ಟು ಹಗುರ ಎಂದು ಅವಳಿಗೆ ಅನ್ನಿಸಿತು.

ಆಚೆ ದಡದಲ್ಲಿ ಅವಳ ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ತಂಗಿಯನ್ನು ನೋಡಿದವಳೇ, "ಬರೋಕೆ ಇಷ್ಟು ಹೊತ್ತಾ?" ಎಂದು ಗದರಿದಳು.

"ಲಾಂಚು ತಡ ಆಯ್ತು ಕಣೆ" ಎಂದಳು ಟೈಲರಮ್ಮ.

ಇಬ್ಬರೂ ನಕ್ಕರು. ನಗುತ್ತ ನಗುತ್ತ ಅಕ್ಕನ ಕಣ್ಣು ತುಂಬಿತು. ಟೈಲರಮ್ಮ ಊರುಗೋಲು ಗೋಡೆಗೆ ಒರಗಿಸಿ ಅವಳ ಪಕ್ಕ ಕೂತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಊರಿನ ಹಳೆಯ ಲಾಂಚು ಬದಲಿಸುವ ಮಾತೂ ನಡೆಯುತ್ತಿದೆ. ಫಾರಂ ಟಿಕೆಟ್ ಕಿಟಕಿಯಲ್ಲಿದೆ, ದುಡ್ಡು ಕೊಡಬೇಕಾಗಿಲ್ಲ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಕಿಟಕಿಯವರೇ ಬರೆದುಕೊಳ್ಳುತ್ತಾರೆ. ಕಟ್ಟೆಯವರೆಗೆ ಬರಲಾಗದಿದ್ದರೆ ಹೇಳಿ ಕಳಿಸಿ, ಮನೆಗೇ ಬರುತ್ತಾರೆ. ಲಾಂಚಿನಲ್ಲಿ ಕೆಲಸ ಮಾಡುವವರೇ, ನಿಮಗೆ ಗೊತ್ತಿರುವುದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ. ಹೊಸದು ಬರುವ ತನಕ ಜಾಕೆಟ್ ಹಾಕಿಕೊಳ್ಳದೆ ಹತ್ತಬೇಡಿ, ತುಂಬಿದ ಲಾಂಚಿಗೆ ನುಗ್ಗಬೇಡಿ, ಮುಂದಿನ ಟ್ರಿಪ್ಪಿಗೆ ಕಾಯಿರಿ.

ನಿಮ್ಮ ಮನೆಯಲ್ಲಿ "ನಾನು ಬರಲ್ಲ, ನೀವು ಹೋಗಿ ಬನ್ನಿ" ಎನ್ನುವವರು ಯಾರಾದರೂ ಇದ್ದಾರೆಯೇ? ಯಾಕೆ ಬರುವುದಿಲ್ಲ ಎಂದು ಇವತ್ತೇ ಅವರ ಪಕ್ಕ ಕೂತು ಕೇಳಿ. ಅವರು ಹೇಳಿದ್ದನ್ನು ಹಾಗೆಯೇ ಬರೆದು ಟಿಕೆಟ್ ಕಿಟಕಿಗೆ ತನ್ನಿ.